ಬೇಲಿ ದಾಟುವ ರೋಗ, ಬೇಲಿ ದಾಟುವ ಸ್ನೇಹ



ಎರಡೂವರೆ ಗುಂಟೆ ಜಾಗವೆಂದರೆ ನಮಗೆ ಮನೆಯ ಹಿಂದಿನ ಹಿತ್ತಿಲಾಯಿತು. ಇಂಗ್ಲೆಂಡಿನ ಪಟ್ಟಣವಾಸಿಗೆ ಅದೇ ಒಂದು ತೋಟ. ಅಲ್ಲಿ ಊರಂಚಿನಲ್ಲೋ ರೈಲು ಹಳಿಯ ಪಕ್ಕದಲ್ಲೋ ಇರುವ ಜಮೀನನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ವರ್ಷಕ್ಕಿಷ್ಟು ಎಂದು ಬಾಡಿಗೆ ಗೊತ್ತುಮಾಡಿ, ತರಕಾರಿ ಬೆಳೆದುಕೊಳ್ಳಲು ಜನರಿಗೆ ಕೊಡುತ್ತಾರೆ. ಇದಕ್ಕೆ ಅಲಾಟ್‌ಮೆಂಟ್ ಎಂದು ಹೆಸರು. ಒಂದು ಪೂರ್ಣ ತುಂಡಿನ ರೂಢಿಯ ಅಳತೆ ಸುಮಾರು 250 ಚದರ ಮೀಟರು. ಅಡಿಕೆ, ಕಾಫಿ ಮಾಡುವ ನಾವು ಇವರಿಂದ ಕಲಿಯಬೇಕಾದದ್ದೇನು ಎಂದು ಸದಸ್ಯರು ಕೇಳಬಹುದು. ಬೇಸಾಯದಲ್ಲಿ ಹೆಚ್ಚೇನಿಲ್ಲ, ನೆರೆಹೊರೆಯ ವಿಷಯದಲ್ಲಿ ಇದೆ.

ಈ ತೋಟಗಳ ಕಾನೂನೇ ಜನರನ್ನು ಒಟ್ಟುಗೂಡಿಸುವಂತಿದೆ. 1908ರ ಕಾಯಿದೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರು ಮಂದಿ ಮತದಾರರು ಸೇರಿ ಇಂಥ ಜಾಗ ಬೇಕೆಂದು ಬರೆದುಕೊಟ್ಟರೆ ಸ್ಥಳೀಯ ಆಡಳಿತವು ಅದನ್ನು ಪರಿಗಣಿಸಲೇಬೇಕು. 1922ರ ಕಾಯಿದೆಯು ಇಲ್ಲಿನ ಬೆಳೆ ಮುಖ್ಯವಾಗಿ ಮನೆಬಳಕೆಗೆ ಎಂದು ಹೇಳಿತು. ವ್ಯಾಪಾರಕ್ಕಲ್ಲವಾದ್ದರಿಂದ, ಫಸಲು ಹೆಚ್ಚಾದಾಗ ಪಕ್ಕದವರಿಗೆ ಕೊಡುವುದು ತಾನಾಗಿಯೇ ರೂಢಿಯಾಯಿತು. ಅದಕ್ಕಾಗಿಯೇ ಗೊತ್ತುಮಾಡಿದ ಸರ್ಕಾರಿ ಜಮೀನನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರಕೂಡದೆಂದು 1925ರ ಕಾಯಿದೆ ರಕ್ಷಣೆ ಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಇಂಥ ತುಂಡುಗಳು ಸುಮಾರು 14 ಲಕ್ಷದಷ್ಟಿದ್ದವು. ಈಗ ಉಳಿದಿರುವುದು ಸುಮಾರು ಮೂರು ಲಕ್ಷ. ಆದರೂ ಬೇಕೆನ್ನುವವರು ಕಡಿಮೆಯಾಗಿಲ್ಲ. ಎಷ್ಟೋ ಊರುಗಳಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಸರದಿ ಬೇಗ ಕರಗಲೆಂದು ಒಂದು ತುಂಡನ್ನು ಎರಡು ಮಾಡಿ ಕೊಡುವುದೂ ಇದೆ.

ಅಲ್ಲಿ ಯಾರೂ ತಮ್ಮ ನೆರೆಯವರನ್ನು ಆರಿಸಿಕೊಂಡವರಲ್ಲ. ನಿವೃತ್ತ ನೌಕರನ ಪಕ್ಕದಲ್ಲಿ ಶಾಲೆಯ ಉಪಾಧ್ಯಾಯಿನಿ, ಅವರ ಪಕ್ಕದಲ್ಲಿ ಬಸ್ಸಿನ ಚಾಲಕ. ನಡುವೆ ಗೋಡೆಯಿಲ್ಲ, ಒಂದು ಕಾಲುದಾರಿ ಮಾತ್ರ. ನೀರಿನ ತೊಟ್ಟಿ ಹಲವರಿಗೆ ಒಂದೇ. ಅನೇಕ ಕಡೆ ಬೆಳೆಗಾರರ ಸಂಘವೇ ಬಾಡಿಗೆ ವಸೂಲು ಮಾಡುತ್ತದೆ, ಬೀಜ ಗೊಬ್ಬರಗಳನ್ನು ಸಗಟಾಗಿ ತರಿಸಿ ಸಣ್ಣ ಗುಡಿಸಿಲಿನಲ್ಲಿಟ್ಟು ಹಂಚುತ್ತದೆ, ದಾರಿ ಬೇಲಿ ಸರಿಮಾಡಲು ಒಂದು ದಿನ ಗೊತ್ತುಮಾಡಿ ಎಲ್ಲರನ್ನೂ ಕರೆಯುತ್ತದೆ. ನೂರಕ್ಕೂ ಹೆಚ್ಚು ಅಲಾಟ್‌ಮೆಂಟ್ ತಾಣಗಳಿರುವ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಪಂಜಾಬಿನಿಂದ, ವೆಸ್ಟ್ ಇಂಡೀಸಿನಿಂದ ಹೋಗಿ ನೆಲೆಸಿದವರೂ ಗುದ್ದಲಿ ಹಿಡಿದಿದ್ದಾರೆ. ಕೊತ್ತಂಬರಿ, ಮೆಂತ್ಯದ ಸೊಪ್ಪು ಅಲ್ಲಿಯ ಆಲೂಗಡ್ಡೆಯ ಪಕ್ಕದಲ್ಲೇ ಏಳುತ್ತದೆ. ಭಾಷೆ ಪೂರ್ತಿ ತಿಳಿಯದಿದ್ದರೂ ಒಂದು ಹಿಡಿ ಬೀಜ ಕೊಟ್ಟು ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಹಾಗೆಂದು ಅಲ್ಲಿ ಜಗಳವೇ ಇಲ್ಲವೆಂದು ತಿಳಿಯಬಾರದು. ಒಬ್ಬನು ತನ್ನ ತುಂಡನ್ನು ಹಾಳುಬಿಟ್ಟರೆ ಅವನ ಕಳೆಯ ಬೀಜ ಎಲ್ಲರ ಪಾತಿಗೂ ಬೀಳುತ್ತದೆ. ಸಾಗುವಳಿ ಮಾಡದವರಿಗೆ ಎಚ್ಚರಿಕೆಯ ಪತ್ರ ಹೋಗುತ್ತದೆ. ಆಮೇಲೂ ಮಾಡದಿದ್ದರೆ ತುಂಡು ಕೈತಪ್ಪುತ್ತದೆ. ಆದರೆ ಒಳ್ಳೆಯ ಸಂಘಗಳು ಪತ್ರ ಬರೆಯುವ ಮೊದಲು ಒಂದು ಮಾತು ವಿಚಾರಿಸುತ್ತವೆ: ಇವನು ಮಾಡಲೊಲ್ಲನೋ, ಮಾಡಲಾರನೋ? ಕಾಯಿಲೆ ಬಿದ್ದವರ, ವಯಸ್ಸಾದವರ ಪಾತಿಯನ್ನು ಅಕ್ಕಪಕ್ಕದವರು ಅಗೆದುಕೊಡುತ್ತಾರೆ. ಇದು ಬರಿಯ ದಯೆಯಲ್ಲ. ತಮ್ಮ ಬೆಳೆಯ ರಕ್ಷಣೆಯೂ ಹೌದು.

ಈ ಮಾತು ನಮಗೂ ಹತ್ತಿರದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಹಾಳುಮಾಡಿ ಕ್ಷಾಮ ತಂದ ಅಂಗಮಾರಿ ರೋಗಕ್ಕೆ ಕಾರಣವಾದ ಜೀವಿಯೂ, ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾದದ್ದೂ ಫೈಟಾಫ್ತೊರ ಎಂಬ ಒಂದೇ ಕುಲಕ್ಕೆ ಸೇರಿದವು. ಎರಡೂ ತೇವ ಹಿಡಿದ ಹವೆಯಲ್ಲಿ ಹಬ್ಬುತ್ತವೆ. ಅಲ್ಲಿ ಒಬ್ಬನ ಪಾತಿಯಲ್ಲಿ ಅಂಗಮಾರಿ ಕಂಡರೆ ಕೂಡಲೇ ಎಲ್ಲರಿಗೂ ಹೇಳುವುದು, ರೋಗ ತಗುಲಿದ ಹಂಬನ್ನು ಕತ್ತರಿಸಿ ತೆಗೆಯುವುದು ನೆರೆಹೊರೆಯ ಧರ್ಮ. ನಮ್ಮಲ್ಲಿ ಮೈಸೂರು ಸರ್ಕಾರದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸಮಾಡಿ 1910ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಲೆಕ್ಕ ನಮಗೆಲ್ಲ ಬಾಯಿಪಾಠ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕೆಂಬುದೂ ಗೊತ್ತು. ಆದರೆ ನಾವು ಹೊಡೆದು ಪಕ್ಕದ ತೋಟ ಹಾಗೇ ಉಳಿದರೆ, ಗಾಳಿಮಳೆ ಬೇಲಿಯನ್ನು ಕೇಳುವುದಿಲ್ಲ. ಕಾಫಿಯಲ್ಲೂ ಹೀಗೆಯೇ. 1990ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕವು, ಕೊಯ್ಲಾದ ಮೇಲೆ ಗಿಡದಲ್ಲಿ ಬಿಟ್ಟ ಮತ್ತು ನೆಲಕ್ಕುದುರಿದ ಕಾಯಿಯಲ್ಲೇ ಮುಂದಿನ ಫಸಲಿಗಾಗಿ ಕಾದು ಕುಳಿತಿರುತ್ತದೆ.

ಔಷಧಿ ಕಾಣದ ತೋಟಗಳೆಲ್ಲ ಸೋಮಾರಿಗಳವಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಮುದುಕರಿಬ್ಬರು. ಮರ ಹತ್ತುವವರು ಸಿಕ್ಕುವುದಿಲ್ಲ, ಸಿಕ್ಕ ದಿನ ಮಳೆ. ಇಂಥ ಮನೆ ಪ್ರತಿ ಊರಿನಲ್ಲೂ ಇದೆ. ಮುಯ್ಯಾಳು ಎಂಬ ಮಾತು ಮಲೆನಾಡಿಗೆ ಹೊಸದಲ್ಲ. ಇಂದು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು ಎಂಬ ಲೆಕ್ಕದಲ್ಲಿ ಕೆಲಸ ಸಾಗುತ್ತಿದ್ದ ಕಾಲವಿತ್ತು. ಅಡಿಕೆ ಸುಲಿಯಲು ರಾತ್ರಿ ಒಂದು ಮನೆಯಲ್ಲಿ ಸೇರಿದರೆ ಕೈಗೂ ಕೆಲಸ, ಬಾಯಿಗೂ ಕೆಲಸ. ಕೂಲಿ ಹಣದ ಲೆಕ್ಕ ಬಂದಮೇಲೆ ಅದು ಅಪರೂಪವಾಯಿತು. ಈಗ ಹಣ ಕೊಟ್ಟರೂ ಆಳಿಲ್ಲದ ಕಾಲ ಬಂದಿರುವಾಗ, ಆ ಹಳೆಯ ಲೆಕ್ಕವನ್ನು ಮತ್ತೆ ತೆರೆಯುವುದು ಜಾಣತನ.

ಅದಕ್ಕೆ ಸಂಘದ ದೊಡ್ಡ ಠರಾವು ಬೇಕಾಗಿಲ್ಲ. ಒಂದೇ ಬಸಿಗಾಲುವೆಯ ಮೇಲಿರುವ ಐದಾರು ಮನೆಯವರು ಮುಂಗಾರಿಗೆ ಮೊದಲು ಒಂದು ಸಂಜೆ ಸೇರಿದರೆ ಸಾಕು. ಯಾರ ತೋಟಕ್ಕೆ ಯಾವ ದಿನ ಔಷಧಿ, ಯಾರಲ್ಲಿ ಪಂಪು ಇದೆ, ಮೈಲುತುತ್ತ ಒಟ್ಟಿಗೆ ಎಷ್ಟು ತರಬೇಕು, ಯಾರ ಮನೆಯಲ್ಲಿ ಕೈಲಾಗದವರಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಕೈಲಾಗದವರ ತೋಟದ ಹೆಸರು ಆ ಹಾಳೆಯ ಮೊದಲ ಸಾಲಿನಲ್ಲಿರಲಿ. ಕೊಳೆ ಮೊದಲು ಹುಟ್ಟುವುದು ಅಲ್ಲೇ. ನಮ್ಮೆಲ್ಲರ ಕೊನೆ ಉಳಿಯಬೇಕಾದದ್ದೂ ಅಲ್ಲಿಂದಲೇ.