ದ್ರವ ಗೊಬ್ಬರ ಮಿಶ್ರಣ ಘಟಕಕ್ಕೆ ವಾಯು ಸಮ್ಮತಿ

ಜೆ.ಪಿ. ನಗರ ಇಲ್ಲವೇ ಬನಶಂಕರಿಯಲ್ಲಿ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಹನಿ ನೀರಾವರಿಗೆ ದ್ರವ ಗೊಬ್ಬರ ತಯಾರಿಸಲು ಹೊರಡುವವರು, ಗೊಬ್ಬರ ಕರಗಿಸಲು ವಾಯು ಪರವಾನಗಿ ಏಕೆಂದು ಕೇಳಬಹುದು.

ಯೂರಿಯಾ ಕರಗುವಾಗ ತೊಟ್ಟಿ ತಣ್ಣಗಾಗುವುದೇ ಹೊರತು ಹೊಗೆಯೇಳದು, ನಿಜ. ಆದರೆ ಅಮೋನಿಯಂ ಸಲ್ಫೇಟಿನ ದ್ರಾವಣಕ್ಕೆ ಕಾಸ್ಟಿಕ್ ಪೊಟ್ಯಾಷ್ ಬೆರೆಸಿದರೆ ಅಮೋನಿಯಾ ಅನಿಲ ಹೊರಬೀಳುತ್ತದೆ. ನೆರೆಮನೆಯವರ ಕಣ್ಣು ಉರಿಯುತ್ತದೆ. ಬೆಳೆಗೆ ಸೇರಬೇಕಾದ ಸಾರಜನಕವೂ ಗಾಳಿಪಾಲು. 2009ರ ರಾಷ್ಟ್ರೀಯ ಮಾನದಂಡದಂತೆ ಹೊರಗಾಳಿಯಲ್ಲಿ ಅಮೋನಿಯಾ 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 400 ಮೈಕ್ರೋಗ್ರಾಂ ಮೀರಬಾರದು. ಆದ್ದರಿಂದ ಮುಚ್ಚಿದ ತೊಟ್ಟಿ, ಅನಿಲವನ್ನು ದುರ್ಬಲ ಆಮ್ಲದಿಂದ ತೊಳೆಯುವ ಸ್ಕ್ರಬ್ಬರ್, ಚೀಲ ಸುರಿಯುವಲ್ಲಿ ಧೂಳು ಹೀರುವ ಏರ್ಪಾಡು ಇವುಗಳನ್ನು ನಕ್ಷೆಯಲ್ಲೇ ತೋರಿಸುವುದು ಒಳ್ಳೆಯದು.

1981ರ ವಾಯು ಕಾಯಿದೆಯ 21ನೇ ಕಲಮಿನನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯುವ ಸಮ್ಮತಿ ಎರಡು ಹಂತದ್ದು: ಮೊದಲು ಸ್ಥಾಪನೆಗೆ, ಅನಂತರ ಚಾಲನೆಗೆ. ಅರ್ಜಿ ತಲುಪಿದ ನಾಲ್ಕು ತಿಂಗಳೊಳಗೆ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಸಾಲ ಮಾಡಿ ಯಂತ್ರ ಕೊಂಡ ಮೇಲೆ ಅರ್ಜಿ ಹಾಕುವುದು ತಲೆಕೆಳಗಿನ ಕ್ರಮ. ಜಯನಗರದಂಥ ವಸತಿ ಬಡಾವಣೆಯಲ್ಲಿ ವಲಯ ನಿಯಮವೇ ಅಡ್ಡ ಬರಬಹುದು. ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶ ನೋಡುವುದು ಲೇಸು. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿಯ ಅನುಮತಿ ಬೇರೆಯೇ. ಅದಕ್ಕೆ ಕೃಷಿ ಇಲಾಖೆಯನ್ನು ಕಾಣಬೇಕು.