ಮನಸ್ಸು ಬರಿದಾದಾಗ ಕೈಗೊಂದು ಹಿಡಿ ಮಣ್ಣು

ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಮನೆಗಳಲ್ಲಿ ಒಂದು ಜೋಡಿ ಮಣ್ಣಿನ ಎತ್ತುಗಳು ಪೂಜೆಗೊಳ್ಳುವುದನ್ನು ಕಾಣಬಹುದು. ಕುಂಬಾರರು ಮಾಡಿ ತಂದ ಎತ್ತುಗಳು ಕೆಲವಾದರೆ, ಎರೆಮಣ್ಣನ್ನು ನಾದಿ ಮಕ್ಕಳೇ ಮಾಡಿದವು ಇನ್ನು ಕೆಲವು. ಒಂದರ ಕೊಂಬು ಉದ್ದ, ಇನ್ನೊಂದರ ಕಾಲು ಗಿಡ್ಡ. ಪೂಜೆಗೆ ಅದರಿಂದೇನೂ ಲೋಪವಿಲ್ಲ. ಮರುದಿನ ಮಕ್ಕಳು ಒಂದೆತ್ತು ಕುಂಟಾಯಿತೆಂದು ಹಾಡುತ್ತ ಮನೆಮನೆಗೆ ತಿರುಗಿ ಜೋಳ ಕೂಡಿಸುತ್ತಾರೆ. ಎತ್ತುಗಳು ನೀರು ಸೇರಿ ಮತ್ತೆ ಮಣ್ಣಾಗುತ್ತವೆ. ಈ ಹಬ್ಬದ ದಿನ 'ಇಂದು ನನಗೆ ಸ್ಫೂರ್ತಿ ಇಲ್ಲ' ಎಂದು ಕೈಕಟ್ಟಿ ಕುಳಿತ ಹುಡುಗನನ್ನು ಯಾರೂ ಕಂಡಿರಲಾರರು.

ಆ ಮಾತನ್ನು ಹೇಳುವವರು ದೊಡ್ಡವರು. ಖಾಲಿ ಹಾಳೆಯ ಎದುರು ಗಂಟೆಗಟ್ಟಲೆ ಕೂರುವ ಬರಹಗಾರ, ಬಿಳಿ ಪರದೆಯನ್ನೇ ದಿಟ್ಟಿಸುವ ವಿನ್ಯಾಸಕಾರ, ಕುಂಚವನ್ನು ತೊಳೆದಿಟ್ಟು ತಿಂಗಳುಗಳೇ ಕಳೆದ ಚಿತ್ರಕಲಾವಿದ್ಯಾರ್ಥಿ. ಕಲ್ಪನೆಯನ್ನೇ ನಂಬಿ ಬದುಕುವವರಿಗೆ ಇದು ಬೇಸರದ ಪ್ರಶ್ನೆಯಷ್ಟೇ ಅಲ್ಲ, ಅನ್ನದ ಪ್ರಶ್ನೆಯೂ ಹೌದು. ಬರಹಗಾರರ ಈ ಸ್ಥಿತಿಗೆ 1940ರ ದಶಕದಲ್ಲಿ ಹೆಸರಿಟ್ಟವರು ನ್ಯೂಯಾರ್ಕಿನಲ್ಲಿದ್ದ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್. ಅದರ ಬೇರನ್ನು ಅವರು ಬಾಲ್ಯದ ಗಾಯಗಳಲ್ಲಿ ಹುಡುಕಿದರು. ಈ ವಾದವನ್ನು ಇಂದು ಒಪ್ಪುವವರು ವಿರಳ. ಆದರೆ ಅನುಭವಿಸಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ: ಇಲ್ಲಿ ಕೊರತೆಯಾಗುವುದು ಕೌಶಲವಲ್ಲ. ಗೆರೆ ಕಾಗದಕ್ಕೆ ಇಳಿಯುವ ಮೊದಲೇ ಅದು ಸರಿಯಿಲ್ಲ ಎಂದು ತೀರ್ಪು ಕೊಡುವ ಒಳಗಿನ ಪರೀಕ್ಷಕ ಬೇಗನೆ ಬಂದು ಕುಳಿತುಬಿಡುತ್ತಾನೆ.

ಅವನನ್ನು ದೂರವಿಡುವುದು ಹೇಗೆ? ಸ್ಫೂರ್ತಿ ಬಂದ ಮೇಲೆ ಕೆಲಸ ಮಾಡೋಣವೆಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಬರವಣಿಗೆ ನಿಂತುಹೋದ ಅಧ್ಯಾಪಕರನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ತೀರಾ ಅನಿವಾರ್ಯವಲ್ಲದೆ ಬರೆಯುವಂತಿರಲಿಲ್ಲ. ಎರಡನೆಯವರು ಮನಸ್ಸಾದಾಗ ಬರೆಯಬಹುದಿತ್ತು. ಮೂರನೆಯವರಿಗೆ ಮನಸ್ಸಿರಲಿ ಬಿಡಲಿ ನಿತ್ಯ ಬರೆಯುವ ಕಟ್ಟುಪಾಡು. ಹೆಚ್ಚು ಪುಟ ಬರೆದವರು ಮೂರನೆಯವರು ಎಂಬುದರಲ್ಲಿ ಅಚ್ಚರಿಯಿಲ್ಲ. ಹೊಸ ವಿಚಾರಗಳು ಹೆಚ್ಚು ಹೊಳೆದದ್ದೂ ಅವರಿಗೇ ಎಂಬುದು ಗಮನಾರ್ಹ. ಕೈ ಮುಂದೆ ಹೋದರೆ ಕಲ್ಪನೆ ಅದರ ಹಿಂದೆ ಬರುತ್ತದೆ ಎಂದಾಯಿತು.

ಆದರೆ ಬರೀ ಕಟ್ಟುಪಾಡಾದರೆ ಅದು ಶಾಲೆಯ ಮನೆಪಾಠವಾದೀತು. ಅದಕ್ಕೆ ಆಟದ ಗುಣ ಬೇಕು. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಬೆಸೆದು ಹಕ್ಕಿ, ಮೃಗ, ವಿಚಿತ್ರ ಮುಖಗಳನ್ನಾಗಿ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಅವರಿಗೆ ಆತಿಥ್ಯ ನೀಡಿದ್ದ ವಿಕ್ಟೋರಿಯಾ ಒಕಾಂಪೊ ಈ ಗೀಚುಗಳನ್ನು ಕಂಡು ಬೆರಗಾದರು. ಅದೇ ಗೀಚಾಟ ಚಿತ್ರಕಲೆಯಾಗಿ ಬೆಳೆದು 1930ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡಿತು. ಆಗ ಕವಿಗೆ 69ರ ವಯಸ್ಸು. ತಪ್ಪನ್ನು ಅಳಿಸುವ ಬದಲು ಅದರೊಡನೆ ಆಡಿದ್ದರ ಫಲವಿದು.

ಕೈಕೆಲಸ ದೇಹದ ಮೇಲೆ ಬೀರುವ ಪರಿಣಾಮವನ್ನೂ ಅಳೆದಿದ್ದಾರೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಅಂಟಿಸುವ ಚಿತ್ರದ ತುಣುಕುಗಳನ್ನು ಕೊಟ್ಟು 45 ನಿಮಿಷ ತಮಗಿಷ್ಟವಾದುದನ್ನು ಮಾಡಲು ಬಿಟ್ಟರು. ಸುಮಾರು ಶೇ. 75ರಷ್ಟು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಕಡಿಮೆಯಾಗಿತ್ತು. ಮೊದಲಿನಿಂದ ಚಿತ್ರ ಬರೆದು ಪಳಗಿದವರಿಗೂ ಎಂದೂ ಕುಂಚ ಹಿಡಿಯದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. 2016ರ ಈ ಅಧ್ಯಯನ ಚಿಕ್ಕದು, ಒಂದೇ ಬೈಠಕ್ಕಿನದು. ಇದರಿಂದ ಸೃಜನಶೀಲತೆ ಮರಳುತ್ತದೆಂದು ಹೇಳಲಾಗದು. ಅಂಜಿಕೆ ಕೊಂಚ ಇಳಿಯುತ್ತದೆ ಎಂದಷ್ಟೇ ಹೇಳಬಹುದು. ತಡೆ ತೆರೆಯಲು ಅನೇಕ ವೇಳೆ ಅಷ್ಟೇ ಸಾಕು.

ಆಟ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹುಕ್ಕೇರಿ ತಾಲ್ಲೂಕಿನಲ್ಲೇ ನಿದರ್ಶನವಿದೆ. ಭಾದ್ರಪದದಲ್ಲಿ ಗಣಪನ ಬೆನ್ನಿಗೇ ಬರುವ ಜೋಕುಮಾರ ಬುಟ್ಟಿಯಲ್ಲಿ ಬೇವಿನೆಲೆಗಳ ನಡುವೆ ಕುಳಿತು, ಹೆಂಗಸರ ತಲೆಯ ಮೇಲೆ ಮನೆಮನೆಗೆ ಹೋಗುವ ಮಣ್ಣಿನ ಗೊಂಬೆ. ಕೆಲವೇ ದಿನಗಳ ಆಯುಷ್ಯ. ಘೋಡಗೇರಿಯಲ್ಲಿ ಹುಟ್ಟಿ ಬೆಳೆದ ಚಂದ್ರಶೇಖರ ಕಂಬಾರರು ಈ ಆಚರಣೆಯನ್ನೂ ಬಯಲಾಟದ ರೀತಿಯನ್ನೂ ಕೂಡಿಸಿ ಬರೆದ 'ಜೋಕುಮಾರಸ್ವಾಮಿ' 1972ರಲ್ಲಿ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದಿರುವ ಶ್ರೀಕೃಷ್ಣ ಪಾರಿಜಾತದಲ್ಲೂ ಹಾಡುಗಳು ಕಟ್ಟಿದ್ದು, ಆದರೆ ಭಾಗವತನ ಹಾಸ್ಯದ ಮಾತು ಆಯಾ ರಾತ್ರಿಯ ಪ್ರೇಕ್ಷಕರನ್ನು ನೋಡಿ ಅಲ್ಲಲ್ಲೇ ಹುಟ್ಟುವಂಥದು.

ಗೋಕಾಕ ಎಂದೊಡನೆ ಕರದಂಟು, ಜಲಪಾತದ ಜೊತೆಗೆ ಬಣ್ಣದ ಗೊಂಬೆಗಳೂ ನೆನಪಾಗಬೇಕು. ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿದ ಆಕೃತಿಗಳು, ನಿಜವೆಂದೇ ಭ್ರಮೆ ಹುಟ್ಟಿಸುವ ಹಣ್ಣು-ತರಕಾರಿಗಳು ಈ ಊರಿನ ಹೆಗ್ಗಳಿಕೆ. ಆದರೆ ಜೀನಗಾರ ಕುಟುಂಬಗಳ ಈ ನಿತ್ಯದ ದುಡಿಮೆಯನ್ನು 'ಆಟ' ಎಂದು ಕರೆದು ನಗರದವರಿಗೆ ಉಪದೇಶಿಸುವುದು ಅನ್ಯಾಯವಾದೀತು. ಅಲ್ಲಿ ಕೆಲಸ ಕುಂಟುತ್ತಿದ್ದರೆ ಅದಕ್ಕೆ ಕಾರಣ ಕಲಾವಿದನ ಮನಸ್ಸಲ್ಲ, ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ತುಂಬಿದ ಮಾರುಕಟ್ಟೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಾದರೆ ನಿತ್ಯದ ಆಟವೆಂದರೇನು? ಹೊಸ್ತಿಲ ಮುಂದಿನ ರಂಗೋಲಿಗಿಂತ ಉತ್ತಮ ಮಾದರಿ ಸಿಗಲಾರದು. ಹತ್ತು ನಿಮಿಷದ ಕೆಲಸ, ಅಂಗೈ ತುಂಬ ಪುಡಿ. ಚುಕ್ಕಿಗಳ ಲೆಕ್ಕ ಮೊದಲೇ ನಿಗದಿ. ಎಲ್ಲಿಂದ ಆರಂಭಿಸಲಿ ಎಂಬ ಗೊಂದಲವನ್ನು ಆ ಚುಕ್ಕಿಗಳೇ ನೀಗಿಸುತ್ತವೆ. ಗೆರೆ ತಪ್ಪಿದರೂ ಮಧ್ಯಾಹ್ನದ ಹೊತ್ತಿಗೆ ಅದು ಯಾರದೋ ಕಾಲಡಿ ಅಳಿಸಿಹೋಗಿರುತ್ತದೆ, ಯಾರೂ ಅಂಕ ಕೊಡುವುದಿಲ್ಲ. ಕಾಗದದ ಮೇಲೂ ಇದನ್ನೇ ಅನುಸರಿಸಬಹುದು. ಹಳೆಯ ಲಗ್ನಪತ್ರಿಕೆಯ ಹಿಂಬದಿ, ಒಂದೇ ಬಣ್ಣ, ಕೈಗೆ ಸಿಕ್ಕ ಒಂದು ವಸ್ತು. ಮುಗಿದ ಮೇಲೆ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ಮೆಚ್ಚುಗೆ ಎಣಿಸಲು ತೊಡಗಿದ ಕ್ಷಣವೇ ಆ ಪರೀಕ್ಷಕ ಮರಳಿ ಬರುತ್ತಾನೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಬರೆದು ಲೆಕ್ಕ ಸರಿಪಡಿಸುವ ಹಟವೂ ಬೇಡ. ಅದೂ ಸಾಲವೆನಿಸಿ ಬಿಡುತ್ತದೆ.

ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ರುಚಿಸದೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಸ್ಫೂರ್ತಿಯ ಬರವಲ್ಲ, ಖಿನ್ನತೆ ಇರಬಹುದು. ಅದಕ್ಕೆ ಬಣ್ಣದ ಪೆಟ್ಟಿಗೆ ಮದ್ದಲ್ಲ, ವೈದ್ಯರನ್ನು ಕಾಣಬೇಕು.

ಮಣ್ಣೆತ್ತುಗಳು ಕರಗಿದ ಬೆನ್ನಿಗೆ ಆಷಾಢ ಕಾಲಿಡುತ್ತದೆ. ಅದರ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ, ಮಣ್ಣಿಗೆ ಗುಲಗಂಜಿ ಮೆತ್ತಿ ಸಿಂಗರಿಸುತ್ತಾರೆ, ಎಲ್ಲರೂ ಕೂಡಿ ಬುತ್ತಿ ಉಣ್ಣುತ್ತಾರೆ. ಮುಂದಿನ ಮಂಗಳವಾರ ಮತ್ತೆ ಹೊಸ ಮಣ್ಣು.