ನಿಮ್ಮ ಮೊಬೈಲ್‌ನಲ್ಲಿ ಮೊದಲ ಸೀಟು ಯಾರಿಗೆ?

ಅಭಿಮಾನಿ ಬಂಧುಗಳೇ, ಒಂದು ಪ್ರಶ್ನೆ. ನಿಮ್ಮ ನೆಚ್ಚಿನ ನಾಯಕನಟನ ಟ್ರೈಲರ್ ಶುಕ್ರವಾರ ಬಿಡುಗಡೆಯಾದರೆ ಅದು ನಿಮ್ಮ ಕಣ್ಣಿಗೆ ಬೀಳೋದು ಯಾವತ್ತು? ಶುಕ್ರವಾರವೇ? ಸೋಮವಾರವೇ? ಅಷ್ಟರೊಳಗೆ ಎದುರು ಗುಂಪಿನವರು ಅದನ್ನು ಬೈದ ಹತ್ತು ರೀಲ್ಸ್ ನೋಡಿ ನಿಮ್ಮ ತಲೆ ಬಿಸಿಯಾಗಿರುತ್ತೆ. ಮೊಬೈಲ್ ನಿಮ್ಮದು, ಡಾಟಾ ದುಡ್ಡು ನಿಮ್ಮದು... ಸೀಟು ಹಂಚುವ ಗೇಟ್‌ಕೀಪರ್ ಮಾತ್ರ ಬೇರೆ ಯಾರೋ!

ಹಿರಿಯರನ್ನು ಕೇಳಿ ನೋಡಿ. 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾದಲ್ಲಿ ಯಾವ ಹಾಡಿಗೆ ಎಷ್ಟನೇ ಸ್ಥಾನ ಅಂತ ಅಮೀನ್ ಸಯಾನಿ ಹೇಳುತ್ತಿದ್ದರು. ರೆಕಾರ್ಡ್ ಮಾರಾಟ, ಶ್ರೋತೃ ಸಂಘಗಳ ಅಭಿಪ್ರಾಯ, ಇವೇ ಅದರ ಲೆಕ್ಕ. ಪಟ್ಟಿ ಎಲ್ಲರಿಗೂ ಒಂದೇ. ಈಗ ನಿಮಗೊಂದು ಪಟ್ಟಿ, ನಿಮ್ಮ ತಮ್ಮನಿಗೊಂದು ಪಟ್ಟಿ. ನೀವು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದಕ್ಕೆ ಕಾಮೆಂಟ್ ಹಾಕಿದಿರಿ, ಯಾರಿಗೆ ಕಳಿಸಿದಿರಿ ಅನ್ನೋದೇ ಯಂತ್ರದ ಪಂಚಾಂಗ. ಬೈದು ಬರೆದರೂ ಕಾಮೆಂಟ್ ಕಾಮೆಂಟೇ!

ಇದು ಬರೀ ಸಿನಿಮಾ ಜಗಳ ಅಂದ್ಕೋಬೇಡಿ. ಕೊಡಗಿನ ನೆಲ್ಯಹುದಿಕೇರಿಗೆ ಹೋಗಿದ್ದೆ. ಕಾವೇರಿ ದಂಡೆಯ ಊರು, ಸುತ್ತ ಕಾಫಿ ತೋಟ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ದಂಡೆಯ ಮನೆಗಳೇ ಹೋದವು. ಈಗಲೂ ಭಾಗಮಂಡಲದ ಕಡೆ ಮಳೆ ಹೊಡೆದರೆ ಇಲ್ಲಿಯವರಿಗೆ ನಿದ್ದೆ ಬರಲ್ಲ. ಅಂಥ ರಾತ್ರಿ ನೀರು ಏರಿದ ವಿಡಿಯೊ ಒಂದು ಕಂಡರೆ, ಅದು ಈಗಿನದೋ, ಮೊನ್ನೆಯದೋ? ಲೈಕು ಜಾಸ್ತಿ ಬಿದ್ದ ಹಳೇದು ಮುಂದೆ, ಹೊಸದು ಹಿಂದೆ ಆಗಬಹುದು.

ಟೀ ಅಂಗಡಿಯಲ್ಲಿ ಸಿಕ್ಕ ಹುಡುಗನೊಬ್ಬ ಹೇಳಿದ ಮಾತು ಕೇಳಿ: "ಅಣ್ಣಾ, ಊರ ಪೇಜು ಫಾಲೋ ಮಾಡ್ತೀನಿ. ಆದ್ರೆ ಮಳೆ ಸುದ್ದಿ ನಂಗೆ ಬರೋದು ಮಳೆ ನಿಂತ ಮೇಲೆ. ಫ್ಯಾನ್ಸ್ ಜಗಳ ಮಾತ್ರ ಬಿಸಿಬಿಸಿ ಬರುತ್ತೆ!"

ಹಾಗಾದರೆ ಸಾಲು ಬದಲಾಯಿಸೋಕೆ ಆಗಲ್ವಾ? ಆಗುತ್ತೆ ಸ್ವಾಮಿ! 2016ರಲ್ಲಿ ದಿನಾಂಕದ ಸಾಲು ಕೈಬಿಟ್ಟಿದ್ದ ಇನ್‌ಸ್ಟಾಗ್ರಾಮ್, 2022ರ ಮಾರ್ಚ್‌ನಲ್ಲಿ 'ಫಾಲೋಯಿಂಗ್', 'ಫೇವರಿಟ್ಸ್' ಅಂತ ಎರಡು ದಾರಿ ಕೊಟ್ಟಿತು. ಮೊದಲನೆಯದರಲ್ಲಿ ಹೊಸದು ಮೇಲೆ, ಹಳೇದು ಕೆಳಗೆ. ಎರಡನೆಯದರಲ್ಲಿ ನೀವೇ ಆರಿಸಿದ 50 ಖಾತೆಗಳವರೆಗೆ. ಅದೇ ವರ್ಷ ಜುಲೈನಲ್ಲಿ ಫೇಸ್‌ಬುಕ್ಕಿಗೂ 'ಫೀಡ್ಸ್' ಬಂತು.

ಆದರೆ ಒಳಗೊಂದು ಕಿತಾಪತಿ ಇದೆ. ಇನ್‌ಸ್ಟಾಗ್ರಾಮ್‌ನಲ್ಲಿ ಆ ಸಾಲನ್ನು ಖಾಯಂ ಮಾಡೋ ಅವಕಾಶವನ್ನು ಆಗ ಕೊಡಲೇ ಇಲ್ಲ. ಮುಚ್ಚಿ ತೆರೆದರೆ ಮತ್ತೆ ಯಂತ್ರದ ಸಾಲೇ! ಯೂಟ್ಯೂಬ್ ಕಥೆಯೂ ಅಷ್ಟೇ. ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪರೀಕ್ಷೆ ಮಾಡಿತು. 'ನಾಟ್ ಇಂಟರೆಸ್ಟೆಡ್' ಒತ್ತಿದರೆ ಬೇಡದ ವಿಡಿಯೊಗಳಲ್ಲಿ ತಪ್ಪಿದ್ದು ಶೇಕಡ 11 ಮಾತ್ರ. 'ಡೋಂಟ್ ರೆಕಮೆಂಡ್ ಚಾನೆಲ್' ಒತ್ತಿದರೆ ಶೇಕಡ 43. ಒತ್ತೋದಾದರೆ ಎರಡನೆಯದನ್ನೇ ಒತ್ತಿ!

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. ಗ್ರಾಹಕನ ಜಾತಕ ನೋಡದ ಒಂದು ಸಾಲನ್ನಾದರೂ ದೊಡ್ಡ ಕಂಪನಿಗಳು ಕೊಡಲೇಬೇಕು, 2023ರ ಆಗಸ್ಟ್‌ನಿಂದ. ಆ ಆಯ್ಕೆ ಖಾಯಂ ಉಳಿಯಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಕೋರ್ಟು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳ ಒಡೆಯ ಮೆಟಾಗೆ ತಾಕೀತು ಮಾಡಿತು. ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ನಮ್ಮ ಬೆಂಗಳೂರಿನದೇ 'ಕೂ' ಇತ್ತು. 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿ, ತನ್ನ ಸಾಲಿನ ಲೆಕ್ಕ ಹೇಗೆ ಅಂತ 2022ರಲ್ಲಿ ಬಹಿರಂಗವಾಗಿ ಹೇಳಿತ್ತು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ಪಾಪ!

ನನಗೆ ಹೊಟ್ಟೆ ಉರಿಯೋದು ಸಣ್ಣ ಚಿತ್ರಗಳಿಗಾಗಿ. 2023ರ 'ಡೇರ್‌ಡೆವಿಲ್ ಮುಸ್ತಾಫಾ'ಗೆ ದುಡ್ಡು ಹಾಕಿದವರು ಪೂರ್ಣಚಂದ್ರ ತೇಜಸ್ವಿ ಅವರ ಸುಮಾರು 100 ಮಂದಿ ಓದುಗರು. ಇಂಥ ಚಿತ್ರಕ್ಕೆ ಜಗಳವಾಡೋ ಸೈನ್ಯ ಎಲ್ಲಿರುತ್ತೆ? ಅದರ ಪೋಸ್ಟರ್ ನಮ್ಮ ಕಣ್ಣಿಗೆ ಬೀಳಬೇಕಾದರೆ ನಾವೇ ಅದನ್ನು ಪಟ್ಟಿಗೆ ಸೇರಿಸಬೇಕು.

ಟೀ ಅಂಗಡಿ ಹುಡುಗನಿಗೆ 'ಫೇವರಿಟ್ಸ್' ತೋರಿಸಿಕೊಟ್ಟೆ. ಹತ್ತು ನಿಮಿಷ ತಲೆ ಕೆರೆದುಕೊಂಡು ಐದು ಹೆಸರು ಹಾಕಿದ. ಇಬ್ಬರು ಸ್ಟಾರುಗಳು, ಒಬ್ಬ ಹೊಸ ಡೈರೆಕ್ಟ್ರು, ಊರ ಪೇಜು, ಅವನ ಅಕ್ಕ. "ಅಕ್ಕನ್ನ ಯಾಕಪ್ಪಾ?" ಅಂದೆ. "ಅವಳ ಮನೆ ಹೊಳೆ ಪಕ್ಕ ಅಣ್ಣಾ" ಅಂದ.